ಐದು ಫಾರಂ

ಎರಡು ವರ್ಷ ನಮಗೆ ಗೊತ್ತಿದ್ದದ್ದು
ಒಬ್ಬರಿಗೊಬ್ಬರ ಟೈಪಿಂಗು ಮಾತ್ರ.
ಬೆಳಗ್ಗೆ ಆರೂವರೆಗೆ ಪೇಪರಿನ ಪದಬಂಧ
ಫೋಟೋ ತೆಗೆದು ಹಾಕುವುದು ನಾನು,
ಬತ್ತೇರಿಯ ದೋಣಿಕಟ್ಟೆಯ ಟಿಕೆಟ್ ಮೇಜಿನಿಂದ.
ಎಡದಿಂದ ಬಲಕ್ಕೆ ಜೆಸಿಂತಾ ಬಾಯಿ,
ಮೇಲಿನಿಂದ ಕೆಳಕ್ಕೆ
ಹೆಸರು ಹೇಳದ, ಮಿಂಚುಳ್ಳಿ ಚಿತ್ರದವರು.
ಗುಡ್ ಮಾರ್ನಿಂಗ್ ಗುಲಾಬಿ ಕಳಿಸಿದವರಿಗೆ ದಂಡ:
ಗುಲಾಬಿ ಬಿಟ್ಟು ಐದು ಹೂವಿನ ಹೆಸರು.

ಒಂದು ರಾತ್ರಿ ಕರೆಂಟು ಹೋಗಿದ್ದಾಗ
ಪುರಂದರ ಸಾಲ್ಯಾನ್ರು ಕೇಳಿದರು:
ಇಷ್ಟು ಪದ ಗೊತ್ತುಂಟಲ್ಲ ಮಾರಾಯ್ರೆ,
ಒಂದು ಇಡೀ ಪುಸ್ತಕ ಓದಿ ಎಷ್ಟು ಕಾಲ ಆಯ್ತು?
ಹತ್ತು ನಿಮಿಷ ಉತ್ತರವಿಲ್ಲ.
'ಬರೆಯುತ್ತಿದ್ದಾರೆ' ಬಂತು, ಹೋಯಿತು,
ಮತ್ತೆ ಬಂತು.

ವಾರಿಜಾ ಬಂದರಿನ ಗುಜರಿಯಲ್ಲಿ ಹೆಕ್ಕಿ ತಂದಳು:
ರಟ್ಟಿಲ್ಲ, ಹೆಸರಿಲ್ಲ, ಮೊದಲ ಎಂಟು ಪುಟ ಇಲ್ಲ.
ಇರುವುದೊಂದು ಪ್ರತಿ, ಓದುವವರು ಐವರು.
ಜೆರಾಕ್ಸ್ ಮಾಡಿಸುವ, ಎಂದೆ.
ಎಂತಕ್ಕೆ? ನಾನು ಬೈಂಡಿಂಗಿನವಳು, ಎಂದಳು,
ಹೊಲಿಗೆ ಬಿಚ್ಚಿ ಫಾರಂ ಫಾರಂ ಮಾಡಿ ಐದು ಲಕೋಟೆಗೆ ಹಾಕಿದಳು,
ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಕಳಿಸಿದಳು
ಸುರತ್ಕಲಿಗೆ, ಮುಡಿಪಿಗೆ, ಕೊನೆಯದು ಕುಂದಾಪುರಕ್ಕೆ.

ನನಗೆ ಬಂದದ್ದು ಮೂರನೆಯದು.
ಮೊದಲ ಸಾಲೇ: 'ಆಗ ಅವಳು ಬಾಗಿಲು ಹಾಕಿಕೊಂಡಳು.'
ಯಾರವಳು? ಯಾವ ಬಾಗಿಲು?
ಬೆಂಗ್ರೆಯಿಂದ ಬಂದ ದೋಣಿ ಇಳಿಯುವ ಹೆಂಗಸರನ್ನೆಲ್ಲ
ಮೂರು ದಿನ ನೋಡಿದೆ, ಅವಳಾಗಿರಬಹುದೇ ಎಂದು.
ಒಬ್ಬಳಿಗೆ ಹತ್ತು ರೂಪಾಯಿ ಚಿಲ್ಲರೆ ಜಾಸ್ತಿ ಕೊಟ್ಟೆ.

ಭಾನುವಾರ ನಾಲ್ಕಕ್ಕೆ ಹಂಪನಕಟ್ಟೆ,
ಐಸ್‌ಕ್ರೀಂ ಅಂಗಡಿಯ ಮಹಡಿ.
ಗುರುತಿಗೆ ಎಲ್ಲರ ಕೈಯಲ್ಲೂ ಅಂದಿನ ಪದಬಂಧ.
ಬಾಯಿ, ಬಾಯಿ ಎಂದು ಎರಡು ವರ್ಷ ಕರೆದ ಜೆಸಿಂತಾ
ನರ್ಸಿಂಗ್ ಓದುವ ಹತ್ತೊಂಬತ್ತರ ಹುಡುಗಿ!
ಹೇಳಬಾರದಿತ್ತಾ, ಎಂದರೆ
ಮರ್ಯಾದೆ ಸಿಗ್ತಾ ಇತ್ತಲ್ಲ, ಎಂದು ನಕ್ಕಳು.

ಮತ್ತೆ ಸಾಲ್ಯಾನ್ರು.
ಗುಂಪಿನಲ್ಲಿ ಮಾತಿಗೆ ಮಾತು ಜೋಡಿಸುವ ಮನುಷ್ಯ
ಗಡ್‌ಬಡ್ ಆರ್ಡರ್ ಮಾಡುವಾಗ
'ಗ'ದಲ್ಲೇ ಸಿಕ್ಕಿಬಿದ್ದರು.
ಸಪ್ಲೈಯರ್ ಹುಡುಗ ಪದ ಮುಗಿಸಿಕೊಡಲು ಹೋದ,
ಜೆಸಿಂತಾ ಕೈ ಎತ್ತಿ ತಡೆದಳು.
ನಾವು ಕಾದೆವು.
ನಮಗೆ ಅಭ್ಯಾಸ ಉಂಟು ಅದು:
'ಬರೆಯುತ್ತಿದ್ದಾರೆ' ಎಂದರೆ ಕಾಯುವುದು.

ಅವರ ನಾಲ್ಕನೆಯ ಫಾರಂನಿಂದ ಒಂದು ಪುಟ
ಜೋರಾಗಿ ಓದಿದರು,
ಮೂರು ಬಣ್ಣದ ಐಸ್‌ಕ್ರೀಂ
ಒಂದೇ ಬಣ್ಣವಾಗುವಷ್ಟು ಹೊತ್ತು.
ನನ್ನ ಅವಳು ಅವರ ಪುಟದಲ್ಲಿ ಬಾಗಿಲು ತೆಗೆದಳು.
ಹೊರಗೆ ಯಾರಿದ್ದರು ಎಂಬುದು ಐದನೆಯದರಲ್ಲಿ.
ಐದನೆಯ ಕುರ್ಚಿ ಖಾಲಿ.

ಅಣ್ಣ ಇರಬೇಕು, ಎಂದಳು ವಾರಿಜಾ.
ಸಾಲದವನು, ಎಂದೆ.
ಜೆಸಿಂತಾ: ಯಾರೂ ಇಲ್ಲ, ಬರೀ ಗಾಳಿ.
ಏಳರವರೆಗೆ ಜಗಳಾಡಿದೆವು.

ಮರುದಿನ ಕುಂದಾಪುರದ ಎಕ್ಸ್‌ಪ್ರೆಸ್ಸಿನ ಕಂಡಕ್ಟರು
ಸ್ಟೇಟ್‌ಬ್ಯಾಂಕಿನಲ್ಲಿ ಕರೆದು ಕೊಟ್ಟ ಲಕೋಟೆ.
ಒಳಗೆ ಐದನೆಯ ಫಾರಂ, ಒಂದು ಚೀಟಿ,
ಚೌಕ ಹಾಕಿದ ಹಾಗೆ ಬಿಡಿ ಬಿಡಿ ಅಕ್ಷರ:
'ನಾನು ಬಂದಿದ್ದೆ. ಕೆಳಗಿನಿಂದ ನಿಮ್ಮ ನಗು ಕೇಳಿತು.
ಮೆಟ್ಟಿಲು ಹದಿನೆಂಟು.
ನನಗೆ ಬರುವುದು ಮೇಲಿನಿಂದ ಕೆಳಕ್ಕೆ ಮಾತ್ರ.
ಕೆಳಗಿನಿಂದ ಮೇಲಕ್ಕೆ
ಈ ಕಾಲು ಬಿಡುವುದಿಲ್ಲ.
ಇತಿ, ಸುನೀತಿ ಮರಕಾಲ.'

ಫಾರಂ ನಾನಿನ್ನೂ ಬಿಡಿಸಿ ನೋಡಿಲ್ಲ.
ಮೇಜಿನ ಡ್ರಾಯರಿನಲ್ಲಿ, ಟಿಕೆಟ್ ಕಟ್ಟಿನ ಅಡಿ ಉಂಟು.
ಮುಂದಿನ ಸಲ ಬತ್ತೇರಿಯಲ್ಲಿ, ಬೊಂಡದಂಗಡಿಯ ನೆರಳು.
ವಾರಿಜಾ ಸೂಜಿ ನೂಲು ತರುತ್ತಾಳೆ.

ಇವತ್ತು ಮೊದಲ ದೋಣಿಗೆ ಮುಂಚೆ
ರಸ್ತೆಯಿಂದ ಬೊಂಡದಂಗಡಿಯವರೆಗೆ
ಎಣಿಸುತ್ತ ನಡೆದು ನೋಡಿದೆ:
ಒಂದೇ ಮೆಟ್ಟಿಲು.
ಅದಕ್ಕೊಂದು ಹಲಗೆ ಸಾಕು.
ದೋಣಿಯವರ ಹತ್ತಿರ
ಹಲಗೆ ಉಂಟು.