ಕೈಯಳತೆ

ಡ್ರೂಸಿಲ್ಲಾ ಅತ್ತೆ ಹೋದಳು, ನವೆಂಬರ್ ಒಂಬತ್ತು,
ಬೆಳಗಿನ ಚಹಾ ಅರ್ಧಕ್ಕೇ ಬಿಟ್ಟು.
ಅತ್ತೆಯೆಂದರೆ ರಕ್ತಸಂಬಂಧವೇನಲ್ಲ;
ನ್ಯೂಫೌಂಡ್‌ಲ್ಯಾಂಡಿನ ಈ ಮೂಲೆಯಲ್ಲಿ
ಎಪ್ಪತ್ತು ದಾಟಿದವಳು ಎಲ್ಲರಿಗೂ ಅತ್ತೆಯೇ,
ಅಂಚೆಯವನಿಗೂ.

ಮಂಜುಗಡ್ಡೆ ಕೊಲ್ಲಿಯ ಬಾಯಿ ಹೊಲಿಯುವ ಮೊದಲು
ಅಕ್ಟೋಬರಿನ ಒಂದು ಶನಿವಾರ
ಊರ ಮಕ್ಕಳೆಲ್ಲ ಅವಳ ಅಡುಗೆಮನೆಯಲ್ಲಿ ಸಾಲು.
"ಇಡು ಇಲ್ಲಿ. ಬೆರಳು ಬಿಡಿಸು. ಅಲ್ಲಾಡಬೇಡ."
ಹೆಬ್ಬೆರಳಿನಿಂದ ಶುರು, ಮೊಂಡು ಪೆನ್ಸಿಲು,
ಸಂದಿ ಸಂದಿಗೂ ಕಚಗುಳಿ.
ನಕ್ಕರೆ ಗೆರೆ ಕೆಡುತ್ತದೆ,
ಗೆರೆ ಕೆಟ್ಟರೆ ಜನವರಿಯಲ್ಲಿ ಅಳುವವನು ನೀನೇ.
ಡಿಸೆಂಬರಿಗೆ ಒಂದು ಜೊತೆ ಕೈಗವಸು,
ಕುರಿಯ ವಾಸನೆ, ಮೀನೆಣ್ಣೆಯ ವಾಸನೆ;
ಕಳೆದರೆ ಬೈಗುಳ,
ಬೈಗುಳದ ಬೆನ್ನಿಗೇ ಇನ್ನೊಂದು ಜೊತೆ.

ಹೆತ್ತದ್ದು ಐದು. ತಂಗಿಯ ಎರಡು ಸೇರಿಸಿ
ಏಳೆಂದೇ ಎಣಿಸಿದಳು, ಬಿಡಿಸಿ ಹೇಳಲಿಲ್ಲ.
ಗಂಡ ಎಲಿಯೇಜರನ ಕಣ್ಣು ಹೋದ ಮೇಲೆ
ಕಿಟಕಿಯ ಬಳಿ ಕೂತು ಹೆಣೆಯುತ್ತ ವರದಿ ಒಪ್ಪಿಸುವಳು:
"ಪೆಲ್ಲಿಯ ದೋಣಿ ಬಂತು. ಭಾರ ಕಮ್ಮಿ."
ಹೇಳದೆ ಉಳಿಸಿದ್ದನ್ನು ಅವನು
ಸೂಜಿಗಳ ಸದ್ದಿನಲ್ಲಿ ಕೇಳಿಸಿಕೊಳ್ಳುತ್ತಿದ್ದ,
ಯಾವ ದೋಣಿ ಇನ್ನೂ ಬಂದಿಲ್ಲವೆಂದು.

ದೇವತೆಯೇನಲ್ಲ. ಇಸ್ಪೀಟಿನಲ್ಲಿ ಮೋಸ.
ಕಾಕಂಬಿ ರೊಟ್ಟಿಯ ವಿಷಯಕ್ಕೆ ಪಾದ್ರಿಯ ಹೆಂಡತಿಯೊಡನೆ
ಹತ್ತೊಂಬತ್ತು ವರ್ಷ ಮಾತು ಬಿಟ್ಟಿದ್ದಳು;
ಆ ಹತ್ತೊಂಬತ್ತು ವರ್ಷವೂ
ಪಾದ್ರಿಮನೆಯ ಗೇಟಿಗೆ ಗವಸು ಸಿಕ್ಕಿಸಿರುತ್ತಿತ್ತು.
ದ್ವೀಪ ಖಾಲಿ ಮಾಡಿ ಎಂದಿತು ಸರ್ಕಾರ ಒಮ್ಮೆ;
ಪೀಪಾಯಿಗಳ ಮೇಲೆ ಮನೆಯನ್ನೇ ತೇಲಿಸಿ ತಂದರು.
ಹೆಂಗಸರೆಲ್ಲ ತಿರುಗಿ ನೋಡಿ ಅತ್ತರಂತೆ.
"ನೀನು?"
"ಹೆಬ್ಬೆರಳ ತಿರುವಿನಲ್ಲಿದ್ದೆ, ಮಾರಾಯ. ಎಣಿಕೆ ತಪ್ಪುತ್ತಿತ್ತು."

ಮೀನು ಕಾರ್ಖಾನೆಯ ಯಂತ್ರ
ನನ್ನ ಬಲಗೈಯ ಎರಡು ಬೆರಳು ಇಟ್ಟುಕೊಂಡಾಗ
ನನಗೆ ಇಪ್ಪತ್ತೆರಡು.
ಕೈಯನ್ನು ಜೇಬಿನಲ್ಲಿ ಹೂತು ತಿರುಗಿದೆ.
ಊರು ಅಯ್ಯೋ ಅಂದಿತು, ಪೈ ಕಳಿಸಿತು.
ಅವಳು ಬಂದಳು, ನೋಟ್‌ಬುಕ್ಕು ಕಂಕುಳಲ್ಲಿ.
"ಇಡು ಇಲ್ಲಿ."
ಇಡಲಿಲ್ಲ. ಕಾದಳು. ಚಹಾ ತಾನೇ ಮಾಡಿಕೊಂಡಳು.
ಇಟ್ಟೆ.
ಇಲ್ಲದ ಬೆರಳುಗಳ ಜಾಗಕ್ಕೆ ಬಂದಾಗ
ಪೆನ್ಸಿಲು ತಡೆಯಲಿಲ್ಲ, ತಡವರಿಸಲಿಲ್ಲ,
ತಗ್ಗಿಗೆ ಇಳಿದು ದಿಬ್ಬ ಹತ್ತಿತು
ದಿನಾ ಓಡಾಡಿದ ದಾರಿಯ ಹಾಗೆ.
ಬಂದ ಗವಸಿನಲ್ಲಿ ಜೋಲುವ ಖಾಲಿ ಬೆರಳಿರಲಿಲ್ಲ.
ಆವತ್ತೇ ಕೈ ಜೇಬಿನಿಂದ ಹೊರಬಂತೆಂದರೆ ಸುಳ್ಳು.
ಮಾರ್ಚಿಗೆ ಬಂತು.

ನಿನ್ನೆ ಚರ್ಚಿನ ಹಾಲಿನಲ್ಲಿ, ಸ್ಯಾಂಡ್‌ವಿಚ್ಚಿನ ತಟ್ಟೆಗಳ ಪಕ್ಕ,
ಮಗಳು ಮೆಲ್ವೀನಾ ತಂದಿಟ್ಟಳು
ಹನ್ನೊಂದು ನೋಟ್‌ಬುಕ್ಕು. ಪುಟಕ್ಕೊಂದು ಕೈ,
ಹೆಸರು, ಇಸವಿ, ಅಂಚಿನಲ್ಲಿ ಒಂದು ಮಾತು:
"ಉಗುರು ಕಚ್ಚುತ್ತಾನೆ." "ತಾಯಿಯ ಕೈಯೇ."
ದಪ್ಪ ಒರಟು ಅಂಗೈಗಳು
ತಮ್ಮದೇ ಪುಟ್ಟ ಅಂಗೈಗಳ ಮೇಲೆ ಕೂತವು.
ಹಾರ್ವಿ ಪೆಲ್ಲಿಗೆ ತನ್ನದಲ್ಲ, ತಮ್ಮನದು ಸಿಕ್ಕಿತು,
ಒಂಬತ್ತು ವರ್ಷದ್ದು;
ಆ ಹುಡುಗ ಹತ್ತು ಮುಟ್ಟಲಿಲ್ಲ.
ಪುಟದ ಮೇಲೆ ಕೈಯಿಟ್ಟು ಕೂತೇ ಇದ್ದ ಮುದುಕ.
ಚಹಾ ಆರಿತು. ಯಾರೂ ಪುಟ ತಿರುಗಿಸೆನ್ನಲಿಲ್ಲ.

ಅವಳದೇ ಕೈ ಹುಡುಕಿದೆವು.
ಹನ್ನೊಂದರಲ್ಲೂ ಇಲ್ಲ.

ಕೊನೆಯ ಪುಟ, ಈ ಅಕ್ಟೋಬರು:
ಕ್ಲಿನಿಕ್ಕಿನ ಹೊಸ ನರ್ಸು, ಮನಿಲಾದವಳು.
"ಚಳಿ ಕಂಡವಳಲ್ಲ, ಪಾಪ. ಬೇಗ."
ಬುಟ್ಟಿಯಲ್ಲಿ ಎಡಗೈಯದು ಮಣಿಕಟ್ಟಿನವರೆಗೆ ಬಂದು ನಿಂತಿತ್ತು.

ಗುಂಡಿಯ ಬಳಿ ನಿಂತಿದ್ದಳು ಆ ಹುಡುಗಿ
ಬಲಗೈಗೆ ಗವಸು ತೊಟ್ಟು,
ಎಡಗೈಯನ್ನು ತೋಳಿನೊಳಗೆ ಎಳೆದುಕೊಂಡು.
ನನ್ನ ಎಡಗೈಯದು, ಐದೂ ಬೆರಳಿನದು, ಕಳಚಿ ಕೊಟ್ಟೆ.
ದೊಡ್ಡದಾಯಿತು.
ಹಾಕಿಕೊಂಡಳು.