ಹನ್ನೊಂದರಲ್ಲಿ ನಾಲ್ಕು

ಗೇಣುದ್ದದ ಕಾರ್ಡು. ಅದರ ಮೇಲೆ
ಫೆಲ್ಟಿನ ಹನ್ನೊಂದು ಚೂರು,
ಒಂದೊಂದೂ ಹೆಬ್ಬೆರಳಿನ ಉಗುರಷ್ಟು.
ಶುಕ್ರವಾರದೊಳಗೆ ನಾಲ್ಕು ಆರಿಸಿ ಎಂದಿದ್ದಾನೆ ಲುಧಿಯಾನದವ,
ಬಣ್ಣಕ್ಕೆ ಹನ್ನೆರಡರಂತೆ, ಅರ್ಧ ದುಡ್ಡು ಮುಂಗಡ.

ಬೆಂದೂರ್‌ವೆಲ್ಲಿನ ಇಳಿಜಾರಿನಲ್ಲಿ ನಮ್ಮ ಅಂಗಡಿ.
ಎಡಕ್ಕೆ ಬೇಕರಿ, ಬಲಕ್ಕೆ ಹಲ್ಲಿನ ಡಾಕ್ಟರು,
ನಡುವೆ ಬೂಟು, ಅಂಗೈಯಗಲ ಬಕಲ್ಲಿನ ಬೆಲ್ಟು,
ತೋಳಿಗೆ ಜೂಲು ಬಿಟ್ಟ ಜಾಕೆಟ್ಟು.
ಟೊಪ್ಪಿ ಮಾತ್ರ ಇರಲಿಲ್ಲ.
ರೋಸಿನ ಹಿಂದಿನ ದಿನ ಬರುವ ಹುಡುಗರು ಕೇಳಿ ಹೋದರು,
ಬೀಚಿನಲ್ಲಿ ಫೋಟೊ ತೆಗೆಸುವ ಜೋಡಿಗಳು ಕೇಳಿ ಹೋದರು,
ಗಿಟಾರಿನ ಎವ್ಜಿನ್ ಮೂರು ಸಲ.

ಕರಿ ಬೇಕೇ ಬೇಕು, ಎನ್ನುತ್ತಾನೆ ಎವ್ಜಿನ್,
ಸ್ಟೇಜಿನಲ್ಲಿ ಕರಿ ಇಲ್ಲದಿದ್ದರೆ ಮುಖವೇ ಇಲ್ಲ ಮಾರಾಯ.
ಸರಿ. ಆದರೆ ನಮ್ಮೂರಿನ ಏಪ್ರಿಲ್ಲಿನಲ್ಲಿ
ಕರಿ ಟೊಪ್ಪಿ ಹಾಕಿ ನೋಡು, ಒಂದೇ ಗಂಟೆ,
ಪಟ್ಟಿಯ ಸುತ್ತ ಬೆವರು ಉಪ್ಪು ಬರೆಯುತ್ತದೆ,
ತಣ್ಣೀರುಬಾವಿಯ ಮರಳಿಗೆ ಅಲೆ ಬರೆದು ಬಿಟ್ಟುಹೋದ
ಅಂಕುಡೊಂಕು ಗೆರೆಯ ಹಾಗೆ.
ಬಿಳಿಗೆ ಬೇರೆ ಕಾಯಿಲೆ. ಜುಲೈಯಲ್ಲಿ ಇಲ್ಲಿ
ಬೀಗ ಹಾಕಿದ ಬೀರುವಿನ ಮದುವೆ ಕೋಟಿಗೂ ಬೂಸ್ಟು.

ಕಾರ್ಡಿನ ಹೆಸರುಗಳನ್ನು ಗಟ್ಟಿಯಾಗಿ ಓದಿದೆ:
ಬೋನ್, ಸ್ಯಾಂಡ್, ಪೆಕಾನ್, ಚಾಕಲೇಟ್, ಗ್ರಾನೈಟ್,
ಸಿಲ್ವರ್ ಬೆಲ್ಲಿ.
ನೆಲ ಒರೆಸುತ್ತಿದ್ದ ಅಪ್ಪಿಯಕ್ಕ ಬಗ್ಗಿದಲ್ಲಿಂದಲೇ,
"ಅದೆಂತದು?"
ಬೆಳ್ಳಿ ಹೊಟ್ಟೆ, ಅಂದೆ.
ಕೈ ಒರೆಸಿಕೊಂಡು ಬಂದಳು,
ಕಾರ್ಡನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದಳು.
"ಬಂಗುಡೆಯ ಹೊಟ್ಟೆ. ಇವತ್ತಿನದಲ್ಲ, ನಿನ್ನೆಯದು.
ಇವತ್ತಿನದಕ್ಕೆ ಒಳಗಿನಿಂದ ಒಂದು ಹೊಳಪು ಇರ್ತದೆ."

ಇಪ್ಪತ್ತೇಳು ವರ್ಷ ಗೇರುಬೀಜದ ಫ್ಯಾಕ್ಟರಿಯಲ್ಲಿ
ಬಣ್ಣದಿಂದ ಬಣ್ಣ ಬಿಡಿಸಿದ ಕಣ್ಣು ಅದು:
ಬಿಳಿ ಇಡಿ, ಸುಟ್ಟ ಇಡಿ, ಅಂಚು ಮಾತ್ರ ಸುಟ್ಟದ್ದು,
ಸುಟ್ಟಂತೆ ಕಂಡೂ ಸುಡದೇ ಉಳಿದದ್ದು.
ಮೇಸ್ತ್ರಿಗೆ ಟ್ಯೂಬ್‌ಲೈಟ್ ಬೇಕಿತ್ತಂತೆ. ಇವಳಿಗೆ ಬೇಡ.
ನಾನು ಒಂದೇ ಅಂದುಕೊಂಡ ಎರಡು ಕಂದು
ಅವಳ ಬೆರಳಡಿ ದೂರ ದೂರ ಸರಿದವು.
"ಇದು ಕೆಂಪಿಗೆ ಓಡ್ತದೆ, ಹೆಂಚಿನ ಹುಡಿ. ನಮ್ಮವರ ಮುಖಕ್ಕೆ ಒಪ್ತದೆ.
ಇದು ಹಸಿರಿಗೆ ಓಡ್ತದೆ, ಒಣಗಿದ ಸೆಗಣಿ.
ದುಡ್ಡು ಕೊಟ್ಟು ತಲೆಗೆ ಯಾರು ಹಾಕ್ತಾರೆ?"

ಆಮೇಲೆ, "ಇದೆಲ್ಲ ಯಾರಿಗೆ ಅಂತ ಮಾಡಿದ್ದು?"
ಆ ದೇಶದಲ್ಲಿ ದನ ಕಾಯುವವರಿಗೆ, ಅಂದೆ.
ಅವಳು ನಕ್ಕ ಸದ್ದಿಗೆ ಬೇಕರಿಯ ಹುಡುಗ ಇಣುಕಿದ.
"ದನ ಕಾಯ್ಲಿಕ್ಕೆ ಹನ್ನೊಂದು ಬಣ್ಣವಾ!
ನನ್ನಣ್ಣ ಐತಪ್ಪನಿಗೆ ಇದ್ದದ್ದು ಒಂದು ಮುಟ್ಟಾಳೆ.
ಹಾಳೆ ಮಡಚಿ ಹೊಲಿದ ದಿನ ಇದರ ಹಾಗೆ,"
ಬೋನ್ ಮುಟ್ಟಿದಳು.
"ತಿಂಗಳು ಬಿಸಿಲು ತಿಂದು ಇದು." ಸ್ಯಾಂಡ್.
"ಎಣ್ಣೆತಲೆಯ ಬೆವರು ಕುಡಿದು ಇದು." ಪೆಕಾನ್.
"ಗದ್ದೆಯ ಕೆಸರಿಗೆ ಇದು. ಒಲೆಯ ಮೇಲೆ ತೂಗುಹಾಕಿದ್ದೆವು, ಹೊಗೆಗೆ ಇದು."
ಬೆರಳು ಕರಿಯ ಮೇಲೆ ನಿಂತಿತು.
"ಆಮೇಲೆ ದನ ಮಾರಿ ಆಯ್ತು.
ಮುಟ್ಟಾಳೆಯಲ್ಲಿ ಕೋಳಿ ಮೊಟ್ಟೆ ಇಟ್ಟಿತು."

ಬರೆಯಲು ಕುಳಿತೆ. ಕರಿ ಹನ್ನೆರಡು,
ಎವ್ಜಿನ್ ಬಾಯಿ ಮುಚ್ಚಲಿ ಅಂತ.
ಹೆಂಚಿನ ಹುಡಿ ಹನ್ನೆರಡು. ಚಾಕಲೇಟು ಹನ್ನೆರಡು,
ಅದು ಯಾರಿಗೂ ಬೇಡವೆನಿಸದ ಬಣ್ಣ, ಅಷ್ಟೆ.
ನಾಲ್ಕನೆಯದರಲ್ಲಿ ಪೆನ್ನು ನಿಂತಿತು.
ಬೋನ್ ಅಂದರೆ ಎಲುಬು. ಆ ಹೆಸರು ಹೇಳಿ
ಮದುವೆ ಮನೆಯವರಿಗೆ ಮಾರುವುದು ಹೇಗೆ?

ಬಕೆಟ್ಟಿನ ನೀರು ಚರಂಡಿಗೆ ಚೆಲ್ಲಿ ಬಂದ ಅಪ್ಪಿಯಕ್ಕ
ಕನ್ನಡಿಯ ಮುಂದೆ ನಿಂತಳು, ತಲೆಯ ಮೇಲೆ ಏನೂ ಇಲ್ಲದೆ.
ಎರಡೂ ಕೈ ಎತ್ತಿ, ಇಲ್ಲದ ಟೊಪ್ಪಿಯ ಅಂಚನ್ನು
ಒಮ್ಮೆ ತಗ್ಗಿಸಿ ನೋಡಿದಳು, ಒಮ್ಮೆ ಏರಿಸಿ ನೋಡಿದಳು.
"ಆ ನಿನ್ನೆಯ ಬಂಗುಡೆಯನ್ನೇ ತರಿಸಿ," ಅಂದಳು,
"ಇವತ್ತಿನದ್ದು ಅಂತ ಹೇಳಿ ಮಾರುವಾ."