ಹುಸಿ ತೋಟಾ

ಕಳೆದ ನವೆಂಬರಿನಲ್ಲಿ ನಮ್ಮಣ್ಣನ ಮೂವತ್ತು-ಸೊನ್ನೆ-ಆರು
ಐಲಿಯ ಭುಜಕ್ಕೆ ನೇರಳೆ ಬಣ್ಣ ಬಳಿದಿತ್ತು.
ಅಳಲಿಲ್ಲ. ಹನ್ನೆರಡು ತುಂಬಿದೆ, ಅಳುವ ವಯಸ್ಸಲ್ಲವಂತೆ.
ಆದರೆ ಅಲ್ಲಿಂದಾಚೆ
ಕುದುರೆ ಒತ್ತುವ ಮೊದಲೇ
ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಅದಕ್ಕೇ ಈ ಶನಿವಾರ ಸುಪೀರಿಯರ್ ಸರೋವರದ ದಂಡೆಗೆ,
ಹೆಲ್ಮಿಯ ಅಂಗಡಿಗೆ.
ಗಲ್ಲಾಪೆಟ್ಟಿಗೆಯ ಮೇಲೆ ಬೆಕ್ಕು, ಒಳಗೆಲ್ಲ ಎಣ್ಣೆಯ ವಾಸನೆ.
ನಾನು ಎತ್ತಿಕೊಂಡದ್ದು ಹೂವಿನಷ್ಟು ಹಗುರ.
"ಅದು ಬೇಡ. ಹಗುರ ಬಂದೂಕೇ ಜಾಸ್ತಿ ಒದೆಯೋದು,
ಬಡಕಲು ಕತ್ತೆ ಹಾಗೆ."
ಇನ್ನೂರ ನಲವತ್ತಮೂರನ್ನು ಇಳಿಸಿದಳು, ಕೊಂಚ ತೂಕದ್ದು,
ಹಿಡಿಯನ್ನು ಒಂದಂಗುಲ ಕೊಯ್ದು ರಬ್ಬರ್ ಕೂರಿಸಿದ್ದು.
ಇಷ್ಟು ಸಣ್ಣ ಗುಂಡು ಜಿಂಕೆಗೆ ಸಾಕೇ, ಅಂದೆ.
"ಬೀಳಬೇಕಾದಲ್ಲಿ ಬಿದ್ದರೆ ಸಾಕು.
ಬೀಳದಿದ್ದರೆ ಫಿರಂಗಿಯೂ ಸಾಲದು."

ಹಿತ್ತಲ ಗುರಿಕಟ್ಟೆಯಲ್ಲಿ, ನಮಗೆ ಕಾಣದಂತೆ,
ನಿಜದ ತೋಟಾಗಳ ನಡುವೆ ಒಂದು ಹುಸಿ ಸೇರಿಸಿ ಕೊಟ್ಟಳು.
ಢಂ. ಢಂ. ಟಿಕ್.
ಸದ್ದೇ ಇಲ್ಲದ ಗುಂಡಿಗೆ ಹೆದರಿ
ನಳಿಗೆಯ ಮೂತಿ ಕಿರುಬೆರಳಷ್ಟು ಬಾಗಿತು.
ಐಲಿಯ ಕಿವಿ ಕೆಂಪಾಯಿತು.
ಮತ್ತೆ ತುಂಬಿದಳು. ಮತ್ತೆ.
ನಾಲ್ಕನೇ ಟಿಕ್‌ಗೆ
ನಳಿಗೆ ಬಂಡೆಯ ಮೇಲಿಟ್ಟ ಹಾಗೆ ನಿಂತಿತ್ತು.

"ಈಗ ನೀನು, ನಿನ್ನದರಲ್ಲಿ," ಅಂದಳು ಹೆಲ್ಮಿ ನನಗೆ.
ಮೂವತ್ತು ಚಳಿಗಾಲದ ಬೇಟೆಗಾರ, ನಕ್ಕು ಕೂತೆ.
ಟಿಕ್.
ತಪ್ಪು ಒಪ್ಪಿಕೊಳ್ಳುವವನ ತಲೆಯಂತೆ
ನಳಿಗೆ ನೆಲ ನೋಡಿತು.

ತಪ್ಪಿದ ಆ ಕವಲುಗೊಂಬಿನದು, ಗಾಳಿಯನ್ನು ಬೈದದ್ದು,
ದುರ್ಬೀನನ್ನು ಬೈದದ್ದು...

ಐಲಿ ನಗಲಿಲ್ಲ.
ರಬ್ಬರಿಗಂಟಿದ ಹಿಮ ಒರೆಸಿ
ತನ್ನದನ್ನು ನನ್ನ ಕಡೆ ಚಾಚಿದಳು:
"ಇದು ಒದೆಯಲ್ಲ, ಅಪ್ಪ."